ಪರಿಷತ್ತೂ ಗಂಧದೆಣ್ಣೆಯೂ

ಕಾಡುಗೋಡಿಯ ರೈಲು ನಿಲ್ದಾಣಕ್ಕೆ ಕಾಡುಗೋಡಿ ಎಂಬ ಹೆಸರಿಲ್ಲ. ನಿಲ್ದಾಣವಿರುವುದು ಕಾಡುಗೋಡಿಯಲ್ಲಿ; ಫಲಕದ ಮೇಲಿರುವುದು ವೈಟ್‌ಫೀಲ್ಡ್. 1882ರಲ್ಲಿ ಆಂಗ್ಲೋ-ಇಂಡಿಯನ್ ಸಂಘದವರಿಗೆ ನೆಲೆ ನಿಲ್ಲಲೆಂದು ಚಾಮರಾಜ ಒಡೆಯರು ಇಲ್ಲಿ ಭೂಮಿ ಕೊಟ್ಟರು. ಸಂಘದ ಮುಖಂಡರಾದ ಡಿ. ಎಸ್. ವೈಟ್ ಅವರ ಹೆಸರು ಆ ನೆಲೆಗೆ ಬಂದಿತು, ಮುಂದೆ ನಿಲ್ದಾಣಕ್ಕೂ ಹಬ್ಬಿತು. 2023ರಲ್ಲಿ ಮೆಟ್ರೋ ಬಂದಾಗ ನಮ್ಮೂರಿಗೆ ಅರ್ಧ ನ್ಯಾಯ ದೊರೆಯಿತು ಎನ್ನಬೇಕು: ವೈಟ್‌ಫೀಲ್ಡ್ ಎಂದು ಬರೆದು, ಕಾಡುಗೋಡಿಯನ್ನು ಕಂಸದೊಳಗೆ ಕೂರಿಸಿದರು. ಹದಿನೆಂಟು ವರ್ಷದಿಂದ ವಾಣಿಜ್ಯದ ವಿದ್ಯಾರ್ಥಿಗಳಿಗೆ ಕನ್ನಡ ಪಾಠ ಹೇಳುತ್ತಿರುವ ನನಗೆ ಈ ಕಂಸದ ವಾಸ ಹೊಸದಲ್ಲ. ಅವರ ವೇಳಾಪಟ್ಟಿಯಲ್ಲಿ ನನ್ನ ವಿಷಯವೂ ಅಲ್ಲಿಯೇ ಇದೆ.

ಹೋದ ವರ್ಷ ಆ ಕಂಸವನ್ನೂ ಅಳಿಸುವ ಮಾತು ಹುಟ್ಟಿತು. ಅಂತರರಾಷ್ಟ್ರೀಯ ವ್ಯಾಪಾರವನ್ನು ಓದುವ ಹುಡುಗರಿಗೆ ಉದ್ಯೋಗದ ತಯಾರಿಗೆಂದು ಹೆಚ್ಚಿನ ತರಗತಿಗಳು ಬೇಕು, ಕನ್ನಡದ ನಾಲ್ಕು ಗಂಟೆಯಲ್ಲಿ ಎರಡನ್ನು ಬಿಟ್ಟುಕೊಡಿ ಎಂದು ಸಭೆಯಲ್ಲಿ ಸೂಚನೆ ಬಂದಿತು. ನನ್ನ ಅಭಿಪ್ರಾಯವನ್ನು ಒಂದು ಪುಟದಲ್ಲಿ ಬರೆದುಕೊಡಲು ಹೇಳಿದರು. ಅದೇ ವಾರ ಮಾಲೂರಿನ ಕಡೆಯಿಂದ ದಿನವೂ ರೈಲಿನಲ್ಲಿ ಬರುವ ನನ್ನೊಬ್ಬ ವಿದ್ಯಾರ್ಥಿ ಕೈಯಲ್ಲಿ ಒಂದು ಹಾಳೆ ಹಿಡಿದು ಬಂದ. ಕೆಲಸದ ಅರ್ಜಿಗೆ ಲಗತ್ತಿಸುವ ಸ್ವವಿವರ. "ಸಾರ್, ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಸರ್ಕಾರಿ ಕನ್ನಡ ಶಾಲೇಲಿ. ತರಬೇತಿ ಕೊಡೋರು ಅದನ್ನ ತೆಗೆದುಬಿಡು ಅಂದ್ರು. ತೆಗೀಲಾ?"

ಬೇಡ ಎಂದು ಒಡನೆಯೇ ಹೇಳಲು ನನ್ನಿಂದ ಆಗಲಿಲ್ಲ. ಅವನ ಹೊಟ್ಟೆಪಾಡಿನ ಪ್ರಶ್ನೆ; ನನ್ನ ಅಭಿಮಾನದ ಖರ್ಚನ್ನು ಅವನ ತಲೆಗೆ ಕಟ್ಟುವುದು ಹೇಗೆ? "ನಾಳೆ ಬಾರಪ್ಪ" ಎಂದೆ. ಆ ನಾಳೆ ಹದಿನೈದು ದಿನವಾಯಿತು. ಅಷ್ಟರಲ್ಲಿ ನಾನು ಓದಿದ್ದು, ಮರೆತದ್ದನ್ನು ನೆನೆದುಕೊಂಡದ್ದು ಈ ಲೇಖನದ ವಸ್ತು.

ನಮ್ಮ ನಾಡಿನಲ್ಲಿ ವಾಣಿಜ್ಯದ ವ್ಯವಸ್ಥಿತ ಚಿಂತನೆ ಎಲ್ಲಿಂದ ಹೊರಟಿತು ಎಂದು ಹುಡುಕಹೊರಟರೆ 1911ಕ್ಕೆ ಹೋಗಿ ನಿಲ್ಲಬೇಕಾಗುತ್ತದೆ. ಆಗ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಸಂಪದಭ್ಯುದಯ ಸಮಾಜವೆಂಬುದು ಹುಟ್ಟಿತು. ಇಂಗ್ಲಿಷಿನಲ್ಲಿ ಅದು ಎಕನಾಮಿಕ್ ಕಾನ್ಫರೆನ್ಸ್. ಕನ್ನಡದ ಹೆಸರೇ ಹೆಚ್ಚು ಚೆಲುವಾಗಿದೆ. ಕೃಷಿಗೊಂದು, ವಿದ್ಯೆಗೊಂದು, ಕೈಗಾರಿಕೆ-ವಾಣಿಜ್ಯಗಳಿಗೊಂದು ಎಂದು ಅದರಲ್ಲಿ ಮೂರು ಸಮಿತಿಗಳು. 1898ರಲ್ಲಿ ಜಪಾನನ್ನು ಸುತ್ತಿ ಬಂದಿದ್ದ ಅವರಿಗೆ, ವಿದ್ಯೆಯನ್ನು ಬಿಟ್ಟು ಸಂಪತ್ತಿಲ್ಲವೆಂಬುದು ಕಣ್ಣಾರೆ ಕಂಡ ಸಂಗತಿಯಾಗಿತ್ತು. 1912ರಲ್ಲಿ ಅವರು ದಿವಾನರಾದರು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಾಣಿಜ್ಯ ಮಂಡಲಿ, ಅದೇ ವರ್ಷ ಜುಲೈಯಲ್ಲಿ ವಿಶ್ವವಿದ್ಯಾನಿಲಯ. (ಆ ಬ್ಯಾಂಕಿನ ಹೆಸರು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯದೊಳಗೆ ಕರಗಿ ಹೋದದ್ದನ್ನು ವಾಚಕರು ಬಲ್ಲರು.)

ಇವೆಲ್ಲ ಪಠ್ಯಪುಸ್ತಕದಲ್ಲಿವೆ. ಆದರೆ ಈ ಸಾಲಿನ ನಡುವೆ ಒಂದು ವರ್ಷ ಬಿಟ್ಟಿದ್ದೇನೆ. 1915ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತು ಸ್ಥಾಪನೆಯಾಯಿತು. ಅದರ ಬೀಜ ಬಿದ್ದದ್ದು ಯಾವ ಕವಿಗೋಷ್ಠಿಯಲ್ಲೂ ಅಲ್ಲ, ಇದೇ ಸಂಪದಭ್ಯುದಯ ಸಮಾಜದಲ್ಲಿ. ಅಕ್ಕಿ, ರೇಷ್ಮೆ, ಬಡ್ಡಿಯ ದರಗಳನ್ನು ಕುರಿತು ಚರ್ಚಿಸುತ್ತಿದ್ದ ಸಭೆ, ನಾಡಿನ ಭಾಷೆ ಬೆಳೆಯದೆ ಹೊಸ ತಿಳಿವಳಿಕೆ ಜನರನ್ನು ಮುಟ್ಟದೆಂದು ಕಂಡುಕೊಂಡು, ಅದಕ್ಕಾಗಿಯೇ ಒಂದು ಸಂಸ್ಥೆ ಬೇಕೆಂದಿತು. ಪರಿಷತ್ತಿನ ಮೊದಲ ಅಧ್ಯಕ್ಷರು ಎಚ್. ವಿ. ನಂಜುಂಡಯ್ಯನವರು, ಮರು ವರ್ಷ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳೂ ಅವರೇ. ಅವರು ಕನ್ನಡದಲ್ಲಿ ಬರೆದ ಪುಸ್ತಕಗಳ ಹೆಸರು ನೋಡಿ: 'ಲೇಖ್ಯ ಬೋಧಿನಿ', 'ವ್ಯವಹಾರ ದೀಪಿಕೆ', 'ಅರ್ಥಶಾಸ್ತ್ರ'. ಪತ್ರ, ವ್ಯವಹಾರ, ಹಣಕಾಸು! ನಮ್ಮ ಪರಿಷತ್ತಿನ ಮೊದಲ ಅಧ್ಯಕ್ಷರ ಪುಸ್ತಕಗಳನ್ನು ಇಂದು ಯಾವ ವಿಭಾಗದ ಕಪಾಟಿನಲ್ಲಿಡಬೇಕೆಂದು ಕೇಳಿದರೆ ನಮ್ಮ ಗ್ರಂಥಪಾಲಕರು ವಾಣಿಜ್ಯ ವಿಭಾಗವನ್ನೇ ತೋರಿಸಿಯಾರು.

ಹಾಗಾದರೆ ಕನ್ನಡದ ಅಧ್ಯಾಪಕನೂ ವಾಣಿಜ್ಯದ ವಿದ್ಯಾರ್ಥಿಯೂ ಒಂದೇ ಮನೆಯಲ್ಲಿ ಹುಟ್ಟಿದ ದಾಯಾದಿಗಳು. ಪಾಲಾದ ಮೇಲೆ ಒಬ್ಬರ ಮುಖ ಒಬ್ಬರು ನೋಡಿದ್ದು ಕಡಿಮೆ, ಅಷ್ಟೆ.

ಆ ಮನೆಯ ಅತ್ಯುತ್ತಮ ಕಥೆ ಗಂಧದೆಣ್ಣೆಯದು. ಮೈಸೂರು ಸೀಮೆಯಲ್ಲಿ ಗಂಧದ ಮರ ಸರ್ಕಾರದ ಸ್ವತ್ತು. ವರ್ಷವರ್ಷವೂ ಕೊರಡುಗಳನ್ನು ಹರಾಜು ಹಾಕುವುದು. ಅದರಲ್ಲಿ ಬಹುಪಾಲು ಹಡಗೇರಿ ಜರ್ಮನಿಗೆ ಹೋಗುವುದು. ಅಲ್ಲಿಯ ಕಾರ್ಖಾನೆಗಳು ಎಣ್ಣೆ ಇಳಿಸಿ ಲೋಕಕ್ಕೆಲ್ಲ ಮಾರುವುದು. ಮರ ನಮ್ಮದು, ಪರಿಮಳ ಅವರದು. ಈ ಏರ್ಪಾಟಿನಲ್ಲಿ ಯಾರಿಗೂ ದೋಷ ಕಂಡಂತಿಲ್ಲ, ಹಣ ಬರುತ್ತಿತ್ತಲ್ಲ! 1914ರ ಆಗಸ್ಟಿನಲ್ಲಿ ಯೂರೋಪಿನ ಯುದ್ಧ ಹೊತ್ತಿಕೊಂಡಾಗ ಕೊಳ್ಳುವವನು ರಾತ್ರೋರಾತ್ರಿ ಶತ್ರುವಾದ. ಕೊರಡುಗಳು ಮಳಿಗೆಯಲ್ಲಿಯೇ ಉಳಿದವು. ಒಬ್ಬನೇ ಗಿರಾಕಿಯನ್ನು ನೆಚ್ಚಿದ ಅಂಗಡಿಗೆ ಏನಾಗುತ್ತದೆಂಬುದನ್ನು ಇಂದಿನ ವಿದ್ಯಾರ್ಥಿ ಒಂದು ಅಧ್ಯಾಯವಾಗಿ ಓದುತ್ತಾನೆ. ಮೈಸೂರು ಅದನ್ನು ಬೊಕ್ಕಸದಿಂದ ಓದಿತು.

ಆಗ ಕೈಗಾರಿಕೆಯ ಮುಖ್ಯಾಧಿಕಾರಿಯಾಗಿದ್ದವರು ಆಲ್ಫ್ರೆಡ್ ಚಾಟರ್ಟನ್. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಸಡ್‌ಬರೋ, ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆ ಇಳಿಸುವ ಪ್ರಯೋಗ ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಎಣ್ಣೆಯ ಕಾರ್ಖಾನೆಗಳು ಎದ್ದವು. ಎಣ್ಣೆಯಾಯಿತು, ಇನ್ನು ಅದರಿಂದ ಸಾಬೂನು ಏಕಾಗಬಾರದು? ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ತರುಣ ರಸಾಯನಜ್ಞರು ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆ ಕಲಿತು ಬಂದರು. ಪಂಡಿತ ಪರಂಪರೆಯ ಹೆಸರು ಹೊತ್ತವರು ಕೊಬ್ಬು-ಕ್ಷಾರಗಳ ಲೆಕ್ಕ ಹಾಕುತ್ತ ನಿಂತದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ, ಗೌರವವೂ ಬರುತ್ತದೆ. ಜನ ಅವರನ್ನು 'ಸೋಪು ಶಾಸ್ತ್ರಿ'ಗಳೆಂದೇ ಕರೆದರು. ಮೈಸೂರು ಸ್ಯಾಂಡಲ್ ಸೋಪಿನ ಪೆಟ್ಟಿಗೆಯ ಮೇಲೆ ಇಂದಿಗೂ ಆನೆಯ ತಲೆ, ಸಿಂಹದ ಮೈಯುಳ್ಳ ಶರಭ ನಿಂತಿದೆ. ಹೊರಗೆ ಹೋಗಿ ಕಲಿತದ್ದನ್ನು ಮನೆಯ ಪುರಾಣದ ಮುದ್ರೆಯೊತ್ತಿ ಮಾರುವುದಕ್ಕೆ ಅವರಿಗೆ ಸಂಕೋಚವಾಗಲಿಲ್ಲ.

ಕಥೆ ಇಷ್ಟಕ್ಕೇ ನಿಂತರೆ ನನ್ನ ಒಂದು ಪುಟ ಸಲೀಸಾಗಿ ತುಂಬುತ್ತಿತ್ತು. ಆದರೆ ಮಾಲೂರಿನ ಹುಡುಗನ ಮುಖ ನೆನಪಾದಾಗ ಪೆನ್ನು ನಿಂತಿತು. 1911ರಿಂದ 1918ರವರೆಗಿನ ಆ ಭಾಗ್ಯೋದಯದಲ್ಲಿ ಅವನ ಮುತ್ತಾತ ಎಲ್ಲಿದ್ದ? ಓದಿದವರು, ಸರ್ಕಾರಿ ಹುದ್ದೆಯಲ್ಲಿದ್ದವರು ಬಹುಮಟ್ಟಿಗೆ ಒಂದೇ ವರ್ಗದವರಾಗಿದ್ದ ಕಾಲ ಅದು. ಅದನ್ನು ಪ್ರಶ್ನಿಸಿ ಹಿಂದುಳಿದವರು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮೊರೆಯಿಟ್ಟರು. ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಅದೇ ವರ್ಷ ದಿವಾನಗಿರಿಯಿಂದ ಹೊರಬಂದರು. ಇಬ್ಬರ ಮೇಲೂ ನನಗೆ ಭಕ್ತಿಯಿದೆ, ಆದರೆ ಈ ಒಂದು ವಿಷಯದಲ್ಲಿ ಮಹಾರಾಜರೇ ಸರಿ ಎಂದು ನನ್ನ ಎಣಿಕೆ. ರೈಲಿನಲ್ಲಿ ನಿಂತುಕೊಂಡೇ ಬಂದು, ರಫ್ತಿನ ಶಾಸ್ತ್ರ ಓದುವ ಈ ಹುಡುಗ ತರಗತಿಯಲ್ಲಿ ಕೂತಿರುವುದಕ್ಕೆ ಆ ಸಮಿತಿಯ ಹಾದಿಯೂ ಕಾರಣ. ಅವನ ಕನ್ನಡ ಶಾಲೆಯ ಹೆಸರನ್ನು ಅಳಿಸಿದರೆ ಅಳಿಯುವುದು ಬರಿಯ ಒಂದು ಸಾಲಲ್ಲ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಅವನಿಗೆ ನಾವು ಏನು ಪಾಠ ಹೇಳುತ್ತಿದ್ದೆವು? ನಾಲ್ಕು ಪದ್ಯ, ಮೂರು ಪ್ರಬಂಧ, ಒಂದು ಕಥೆ. ಬಳ್ಳಿಗಾವೆಯ ಶಾಸನಗಳಲ್ಲಿ ದೇಶ ದೇಶ ಸುತ್ತುವ ಅಯ್ಯಾವೊಳೆಯ ಐನೂರ್ವರ ವರ್ಣನೆಯಿದೆ. ಅದೇ ಐನೂರ್ವರ ಹೆಸರಿನ ತಮಿಳು ಶಾಸನವೊಂದು 1088ರ ಕಾಲದ್ದು ಸುಮಾತ್ರದ ಬಾರೂಸ್ ಬಳಿ ದೊರೆತಿದೆ. ಶರಣರಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನಿದ್ದಾನೆ. ಹುಂಡಿ, ಕಿರ್ದಿ, ಖಾತೆ, ರಹದಾರಿ, ಮುಚ್ಚಳಿಕೆ ಎಂಬ ಮಾತುಗಳು ನಮ್ಮ ಪೇಟೆಗಳಲ್ಲಿ ತಲೆತಲಾಂತರ ಓಡಾಡಿವೆ. ಅವೊಂದನ್ನೂ ನಾನು ವಾಣಿಜ್ಯದ ತರಗತಿಗೆ ಒಯ್ದಿರಲಿಲ್ಲ. ಕಂಸದೊಳಗೆ ನಮ್ಮನ್ನು ಕೂರಿಸಿದವರು ಅನ್ಯರೆಂದು ದೂರುತ್ತಿದ್ದೆ. ಒಂದು ಬದಿಯ ಗೆರೆಯನ್ನು ನಾನೇ ಎಳೆದಿದ್ದೆ.

ಈ ಎಲ್ಲವನ್ನೂ ಬರೆದಾಗ ಒಂದು ಪುಟ ನಾಲ್ಕಾಯಿತು. ಸಭೆಯಲ್ಲಿ ಯಾರು ಪೂರ್ತಿ ಓದಿದರೋ ಕಾಣೆ. ಕೊನೆಗೆ ಕನ್ನಡಕ್ಕೆ ಮೂರು ಗಂಟೆ ಉಳಿಯಿತು. ಅದರಲ್ಲಿ ಒಂದನ್ನು ವ್ಯವಹಾರದ ಕನ್ನಡಕ್ಕೆ ಮೀಸಲಿಡುವೆನೆಂದು ನಾನೇ ಒಪ್ಪಿಕೊಂಡೆ, ಮೊದಲ ವಾರವೇ ತಿಣುಕಾಡಿದೆ.

ಹುಡುಗ ಶಾಲೆಯ ಸಾಲನ್ನು ತೆಗೆಯಲಿಲ್ಲ. ಎರಡು ಕಡೆ ಕರೆಯಲಿಲ್ಲ. ಅದು ಈ ಸಾಲಿನಿಂದಲೋ ಬೇರೆಯದರಿಂದಲೋ ಯಾರು ಬಲ್ಲರು! ಮೂರನೆಯ ಕಡೆ ತರಬೇತಿಗೆ ತೆಗೆದುಕೊಂಡರು. ರಫ್ತಿನ ಸರಕನ್ನು ಸಾಗಿಸಿಕೊಡುವ ಕಚೇರಿ. ಕೆಲಸವೆಲ್ಲ ನಮ್ಮ ಕಾಡುಗೋಡಿಯ ಕಂಟೈನರ್ ಡಿಪೋದಲ್ಲಿ. ದೇಶದ ಮೊತ್ತಮೊದಲ ಒಳನಾಡು ಡಿಪೋ 1981ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಈಗ ಆ ವಹಿವಾಟು ಇಲ್ಲಿದೆ. ಸುಂಕದ ತಪಾಸಣೆ ಇಲ್ಲಿಯೇ ಮುಗಿದು, ಮೊಹರು ಬಿದ್ದ ಪೆಟ್ಟಿಗೆಗಳು 1864ರಿಂದ ರೈಲು ಓಡುತ್ತಿರುವ ಜೋಲಾರ್‌ಪೇಟೆಯ ಹಳಿಯ ಮೇಲೆ ಚೆನ್ನೈ ಬಂದರಿಗೆ ಹೋಗುತ್ತವೆ. ಕಡಲಿಲ್ಲದ ಊರಿಗೆ ಬಂದರು ತಾನೇ ನಡೆದು ಬಂದಂತೆ.

ಒಂದು ಸಂಜೆ ನಿಲ್ದಾಣದ ಮೇಲ್ಸೇತುವೆಯಲ್ಲಿ ಅವನು ಸಿಕ್ಕಿದ. ಕೈಯಲ್ಲಿ ಕಾಗದಗಳ ಕಟ್ಟು. "ಸಾರ್, ಬಿಲ್ ಆಫ್ ಲೇಡಿಂಗ್‌ಗೆ ಕನ್ನಡದಲ್ಲಿ ಏನಂತಾರೆ? ನಮ್ಮಪ್ಪ ದಿನಾ ನೀನು ಬರೆಯೋದೇನಪ್ಪ ಅಂತ ಕೇಳ್ತಾರೆ, ನನಗೆ ಹೇಳೋಕೆ ಬರಲ್ಲ."

ಹಡಗಿನವನು ಸರಕನ್ನು ತನ್ನ ವಶಕ್ಕೆ ಪಡೆದೆನೆಂದು ಬರೆದುಕೊಡುವ ರಸೀತಿ ಎಂದೆ. "ಅದು ಅರ್ಥ ಆಯ್ತು ಸಾರ್, ಒಂದೇ ಮಾತಲ್ಲಿ?" ಎಂದ. ಅಷ್ಟರಲ್ಲಿ ಬಂಗಾರಪೇಟೆಯ ರೈಲು ಬಂದಿತು. ನಾಳೆ ಹೇಳುತ್ತೇನೆಂದು ಕೂಗಿ ಹೇಳಿದೆ. ಇನ್ನೂ ಹುಡುಕುತ್ತಿದ್ದೇನೆ.