ಮೂರನೆಯ ತಂತಿ

ಮಾತಿನಿಂದ ಮರೆಯಾದ ಮೇಲೂ ರಳಾಕ್ಷರ ಕೆಲಕಾಲ ಬರಹದಲ್ಲಿ ಉಳಿದಿತ್ತು. ಮನೆಯ ಗೋಡೆಗಳಲ್ಲಿಯೂ ಹೀಗೆ ಕಾಲ ಮೀರಿ ಉಳಿಯುವ ವಸ್ತುಗಳುಂಟು. ಬ್ರಿಟನ್ನಿನ ಟೆಲಿಫೋನಿನ ಚರಿತ್ರೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಅಂಥದೇ ಒಂದು ತಂತಿ.

ಅಲ್ಲಿ ಬೀದಿಯಿಂದ ಮನೆಗೆ ಬರುವ ತಂತಿಗಳು ಎರಡೇ. 1981ರಲ್ಲಿ ಬಂದ ಹೊಸ ಮಾದರಿಯ ಮುಖ್ಯ ಸಾಕೆಟ್ಟಿನಲ್ಲಿ 1.8 ಮೈಕ್ರೊಫ್ಯಾರಡ್ಡಿನ ಕೆಪ್ಯಾಸಿಟರೊಂದಿತ್ತು. ಅದು ಗಂಟೆ ಬಾರಿಸುವ ವಿದ್ಯುತ್ತನ್ನು ಬೇರ್ಪಡಿಸಿ, ಮೂರನೆಯ ತಂತಿಯೊಂದರ ಮೂಲಕ ಕೋಣೆಕೋಣೆಯ ಫೋನಿಗೂ ಒದಗಿಸುತ್ತಿತ್ತು. ಒಂದು ಕೋಣೆಯಲ್ಲಿ ನಂಬರು ತಿರುಗಿಸಿದಾಗ ಇನ್ನೊಂದರಲ್ಲಿ ಗಂಟೆ ಟಿಣ್ಣೆನ್ನದಂತೆ ತಡೆಯಲೂ ಈ ಏರ್ಪಾಡು ನೆರವಾಯಿತು.

ಬರಬರುತ್ತ ಎರಡೇ ತಂತಿಯಿಂದ ಸದ್ದು ಮಾಡುವ ಫೋನುಗಳು ಬಂದವು. ಮೂರನೆಯದು ಸುಮ್ಮನೆ ಗೋಡೆಯಲ್ಲಿ ಉಳಿಯಿತು.

2000ದಲ್ಲಿ ಇದೇ ತಂತಿಗಳ ಮೇಲೆ ಬ್ರಾಡ್‌ಬ್ಯಾಂಡ್ ಹರಿಯತೊಡಗಿತು. ಮಾತಿಗೆ ಸೆಕೆಂಡಿಗೆ 3,400 ಕಂಪನಗಳವರೆಗೆ ಸಾಕಾಗಿದ್ದರೆ, ಇದು 11 ಲಕ್ಷದವರೆಗೂ ಏರಿತು. ಒಂದಕ್ಕೊಂದು ಹೆಣೆದ ಎರಡು ತಂತಿಗಳು ಹೊರಗಿನ ರೇಡಿಯೊ ಗದ್ದಲವನ್ನು ಸಮನಾಗಿ ಹೊರುವುದರಿಂದ ಅದು ಬಹುಮಟ್ಟಿಗೆ ಕಳೆದುಹೋಗುತ್ತದೆ. ಜೋಡಿಯಿಲ್ಲದ ಮೂರನೆಯದಾದರೋ ಏರಿಯಲ್ಲಿನಂತೆ ಗದ್ದಲವನ್ನು ಹಿಡಿದು ಆ ಸಮತೋಲವನ್ನೇ ಕೆಡಿಸಿತು, ವೇಗ ಕುಗ್ಗಿತು. ಸಾಕೆಟ್ಟಿನ 3ನೆಯ ಸಂಖ್ಯೆಯ ಕೊಂಡಿಯಿಂದ ಆ ತಂತಿಯನ್ನು ಬಿಡಿಸಿದಾಗ ಅನೇಕ ಮನೆಗಳಲ್ಲಿ ವೇಗ ಮರಳಿತು. ಹಳೆಯ ಫೋನನ್ನು ಇಟ್ಟುಕೊಂಡಿದ್ದವರಿಗೆ ಮಾತ್ರ ಗಂಟೆ ಕೇಳದೆಹೋಗುವ ಸಂಭವವಿತ್ತು.

1981ರವರ ಜಾಣತನವನ್ನು ನಾನು ಹಳಿಯಲಾರೆ. ಅವರ ಗಂಟೆಗೆ ಆ ತಂತಿ ಸರಿಯಾಗಿಯೇ ಇತ್ತು. ಗಂಟೆ ಹೋದಾಗ ತಂತಿಯನ್ನೂ ಬಿಡಿಸಬೇಕೆಂಬುದು ಮನೆಯವರಿಗೆ ತೋಚಲಿಲ್ಲ, ಅಷ್ಟೆ.