ಮುರಕಲ್ಲಿನ ಗೋಡೆ: ನೆಲಮಾಳಿಗೆಯ ಸ್ನಾನಗೃಹಕ್ಕೆ ನೀರುತಡೆ

ಉಡುಪಿ: ವರ್ಷಕ್ಕೆ ಸರಾಸರಿ 4,000 ಮಿಲಿಮೀಟರಿಗೂ ಅಧಿಕ ಮಳೆ ಸುರಿಯುವ ಈ ಜಿಲ್ಲೆಯ ಮನೆಗೋಡೆಗಳಲ್ಲಿ ಮುರಕಲ್ಲಿನದೇ ಮೇಲುಗೈ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ‘ಲ್ಯಾಟರೈಟ್’ ಎಂದು ಹೆಸರಿಸಿದ ಈ ಕಲ್ಲು ರಂಧ್ರಮಯವಾಗಿದ್ದು, ಮಣ್ಣಿನ ತೇವವನ್ನು ಹೀರಿಕೊಳ್ಳುತ್ತದೆ. ಮಣಿಪಾಲ, ಕಾರ್ಕಳದ ಇಳಿಜಾರುಗಳಲ್ಲಿ ನೆಲಮಾಳಿಗೆಯ ಒಂದು ಗೋಡೆ ಮಣ್ಣಿಗೇ ಒರಗಿರುವುದುಂಟು. ಅಂಥಲ್ಲಿ ಸ್ನಾನಗೃಹದ ನವೀಕರಣಕ್ಕೆ ಮುನ್ನ ನೀರಿನ ಮೂಲವನ್ನು ಅರಿಯಬೇಕು.

ಮಳೆಗಾಲದಲ್ಲಿ ಪ್ಲಾಸ್ಟಿಕ್ ಹಾಳೆಯೊಂದನ್ನು ಅಂಚುಬಿಡದೆ ಗೋಡೆಗೆ ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಹಿಂಬದಿ ಒದ್ದೆಯಾದಲ್ಲಿ ನೀರು ಗೋಡೆಯಿಂದಲೇ ಬರುತ್ತಿದೆ ಎಂದರ್ಥ. ಆಗ ಹೊರಗೆ ಚರಂಡಿ ತೋಡದೆ ಒಳಗೆ ಲೇಪ ಬಳಿಯುವುದು ನೀರಿನಲ್ಲಿ ಹೋಮ ಮಾಡಿದಂತೆ.

ಮಳೆ ಕಳೆದ ಬಳಿಕ ಹಳೆಯ ಸಾರಣೆ, ಬಣ್ಣ, ಬಿಳಿ ಉಪ್ಪನ್ನು ಕೆತ್ತಿ ತಂತಿ ಬ್ರಷ್ಷಿನಿಂದ ಉಜ್ಜಬೇಕು. ಸಂದುಗಳನ್ನು ಸಿಮೆಂಟ್ ಗಾರೆಯಿಂದ ತುಂಬಿ, ಹೊಸ ಸಾರಣೆ ಮಾಡಿ ಏಳು ದಿನವಾದರೂ ನೀರುಣಿಸಬೇಕು. ಕಾಪುವಿನಂತಹ ಕಡಲತಡಿಯಲ್ಲಿ ಉಪ್ಪಿನಂಶದ ಮರಳು ಸಲ್ಲದು. ಅನಂತರ ಪಾಲಿಮರ್ ಬೆರೆತ ಸಿಮೆಂಟ್ ಲೇಪವನ್ನು ಎರಡು ಬಾರಿ, ಒಂದಕ್ಕೊಂದು ಅಡ್ಡವಾಗಿ ಬಳಿಯಬೇಕು. ಗೋಡೆ ನೆಲ ಕೂಡುವ ಮೂಲೆಯನ್ನು ಮೊದಲೇ ಗಾರೆಯಿಂದ ದುಂಡಗಾಗಿಸುವುದನ್ನು ಅನೇಕರು ಮರೆಯುತ್ತಾರೆ. ಸೋರಿಕೆ ಹೆಚ್ಚಾಗಿ ಅಲ್ಲಿಂದಲೇ.

ಟೈಲ್ಸ್ ನೀರು ತಡೆಯುತ್ತದೆಂಬ ನಂಬಿಕೆ ಸರಿಯಲ್ಲ, ಸಂದುಗಳಲ್ಲಿ ನೀರು ಇಳಿಯುತ್ತದೆ. ಆದ್ದರಿಂದ ಟೈಲ್ಸ್ ಹಾಸುವ ಮುನ್ನ ನೆಲದಲ್ಲಿ 24 ಗಂಟೆ ನೀರು ನಿಲ್ಲಿಸಿ, ಮಟ್ಟ ಇಳಿಯುವುದೇ ಎಂದು ಮೇಸ್ತ್ರಿಯ ಎದುರಿನಲ್ಲೇ ನೋಡಿಕೊಳ್ಳಬೇಕು.