ರೋಗಿಯ ಮಗ್ಗುಲು ಬದಲಿಸುವ ಕೈಗಳು



ಜುಲೈ 14 ಸಂತ ಕಮಿಲ್ಲಸರ ಹಬ್ಬ. ಕೊಡಗಿನಲ್ಲಿ ಅದು ಮಳೆ ಬಿಡದೆ ಸುರಿಯುವ ಕಾಲ. ಭಾಗಮಂಡಲದಿಂದ ಕಾಡಿನ ನಡುವೆ ಕರಿಕೆಗೆ ಇಳಿಯುವ ರಸ್ತೆಯಲ್ಲಿ ಎಲ್ಲಿ ಮರ ಬಿದ್ದಿದೆ, ಎಲ್ಲಿ ಗುಡ್ಡ ಜರಿದಿದೆ ಎಂದು ವಿಚಾರಿಸಿಕೊಂಡೇ ಹೊರಡಬೇಕು. ಊರು ದಾಟಿ ಇನ್ನೂ ಕೆಳಗಿಳಿದರೆ ಪಾಣತ್ತೂರು, ಕೇರಳದ ನೆಲ. ದೊಡ್ಡ ಆಸ್ಪತ್ರೆ ಬೇಕೆಂದರೆ ಘಾಟಿ ಹತ್ತಿ ಮಡಿಕೇರಿಗೆ ಹೋಗಬೇಕು, ಇಲ್ಲವೇ ಗಡಿ ದಾಟಿ ಕಾಞಂಗಾಡಿಗೋ ಮಂಗಳೂರಿಗೋ ಹೋಗಬೇಕು.

ಅಂಥದೊಂದು ಮಳೆಗಾಲದಲ್ಲಿ ನಾವು ಕರಿಕೆಯ ಒಂದು ಮನೆಗೆ ಹೋಗಿದ್ದೆವು. ಲಕ್ವ ಹೊಡೆದ ಅಜ್ಜಿ ಅಲ್ಲಿ ತಿಂಗಳುಗಳಿಂದ ಮಲಗಿದ್ದರು. ಸೊಸೆ ಅವರನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಪರಮಪ್ರಸಾದ ಕೊಟ್ಟು ಹೊರಡುವಾಗ ಆ ತಾಯಿ ಬಾಗಿಲವರೆಗೂ ಬಂದು ತಮ್ಮ ಮಗಳ ವಿಚಾರ ತೆಗೆದರು.

“ಫಾದರ್, ಇವಳನ್ನು ನರ್ಸ್ ಮಾಡ್ಬೇಕು ಅಂತ ಆಸೆ ಇತ್ತು. ಅಷ್ಟು ದುಡ್ಡು ನಮ್ಮ ಕೈಲಿಲ್ಲ. ಈಗ ಯಾರೋ ನರ್ಸಿಂಗ್ ಅಸಿಸ್ಟೆಂಟ್ ಕೋರ್ಸ್ ಅಂತ ಹೇಳ್ತಾರೆ. ಮಲಗಿದವರ ಮೈ ಒರೆಸೋಕೆ, ಬಟ್ಟೆ ಬದಲಾಯಿಸೋಕೆ ಕೋರ್ಸ್ ಬೇರೆ ಬೇಕಾ? ಅದನ್ನು ನಾನು ಮನೇಲೇ ಮಾಡ್ತಿದ್ದೀನಲ್ಲ?”

ನಾವು ತಕ್ಷಣ ಉತ್ತರಿಸಲಿಲ್ಲ. ಏಕೆಂದರೆ ಅಜ್ಜಿಯ ಸೊಂಟದ ಬಳಿ ಕೆಂಪಾಗಿ ಬಿರಿದಿದ್ದ ಹುಣ್ಣನ್ನು ಆಗಷ್ಟೇ ನೋಡಿದ್ದೆವು. ಆ ಮನೆಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ಆದರೆ ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಮೂಳೆ ಒತ್ತುವ ಕಡೆ ರಕ್ತ ಹರಿಯದೆ ಚರ್ಮ ಸಾಯುತ್ತದೆ ಎಂದು ಆ ತಾಯಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಕೆ ಕೇಳಿದ ಪ್ರಶ್ನೆ ಹಳೆಯದು. ಅದಕ್ಕೆ ಉತ್ತರ ಕಂಡುಕೊಳ್ಳಲು ನಮ್ಮ ಧರ್ಮಸಭೆಗೂ ನಮ್ಮ ದೇಶಕ್ಕೂ ಬಹಳ ಕಾಲ ಹಿಡಿಯಿತು.

ಹಬ್ಬದ ಸಂತರಿಂದಲೇ ಆರಂಭಿಸೋಣ. ಕಮಿಲ್ಲಸರು ಹುಟ್ಟಿದ್ದು 1550ರಲ್ಲಿ, ಇಟಲಿಯಲ್ಲಿ. ಸೈನಿಕರಾಗಿದ್ದರು, ಜೂಜುಕೋರರಾಗಿದ್ದರು. ಕಾಲಿನಲ್ಲಿ ವಾಸಿಯಾಗದ ಹುಣ್ಣೊಂದಿತ್ತು. ಅದರ ಚಿಕಿತ್ಸೆಗೆಂದು ರೋಮ್ ನಗರದ ಸಂತ ಯಾಕೋಬರ ಆಸ್ಪತ್ರೆ ಸೇರಿದರು. ಅಲ್ಲೇ ಆಳಾಗಿ ದುಡಿದರು. ಜೂಜಿನ ಚಟ ಬಿಡದ್ದರಿಂದ ಹೊರಹಾಕಿಸಿಕೊಂಡರು. 1575ರಲ್ಲಿ ಮನಪರಿವರ್ತನೆಯಾದ ಮೇಲೆ ಅದೇ ಆಸ್ಪತ್ರೆಗೆ ಮರಳಿ, ಕೊನೆಗೆ ಅದರ ಮೇಲ್ವಿಚಾರಕರಾದರು.

ಅಲ್ಲಿ ಅವರ ಕಣ್ಣಿಗೆ ಬಿದ್ದದ್ದೇನು? ರೋಗಿಗಳ ಪಕ್ಕದಲ್ಲಿ ಹಗಲಿರುಳು ಇರುತ್ತಿದ್ದವರು ವೈದ್ಯರಲ್ಲ, ಕೂಲಿಯಾಳುಗಳು. ಬೇರೆಲ್ಲೂ ಕೆಲಸ ಸಿಗದೆ ಬಂದವರು ಅವರಲ್ಲಿ ಬಹಳ. ಅವರಿಗೆ ಕಲಿಸಿದವರಿಲ್ಲ, ಗೌರವಿಸಿದವರಿಲ್ಲ. ನೀರು ಕೇಳಿದ ರೋಗಿಗೆ ನೀರು ಸಿಗುತ್ತಿರಲಿಲ್ಲ. ಕಮಿಲ್ಲಸರು ಬರಿಯ ಮರುಕಪಟ್ಟು ಸುಮ್ಮನಾಗಲಿಲ್ಲ. 1582ರ ಹೊತ್ತಿಗೆ ಪ್ರೀತಿಯಿಂದ ಸೇವೆ ಮಾಡುವವರ ಸಂಘವೊಂದನ್ನು ಕಟ್ಟುವ ಯೋಚನೆ ಮಾಡಿದರು. ಹಾಸಿಗೆ ಹಾಸುವುದು ಹೇಗೆ, ಉಣ್ಣಿಸುವುದು ಹೇಗೆ, ಸಾಯುವವರ ಬಳಿ ಹೇಗಿರಬೇಕು ಎಂಬುದಕ್ಕೆಲ್ಲ ನಿಯಮಗಳನ್ನು ಬರೆದರು. ಒಬ್ಬಳೇ ಮಗುವಿನ ಕಾಯಿಲೆಯಲ್ಲಿ ತಾಯಿ ಹೇಗಿರುವಳೋ ಹಾಗಿರಬೇಕು ಎಂಬುದು ಅವರ ಆಶಯ. ಆದರೆ ತಾಯಿಯ ಮನಸ್ಸಿದ್ದರೆ ಸಾಲದು, ಕೈಗೂ ಕಲಿಸಬೇಕು ಎಂದು ಅವರು ಅರಿತಿದ್ದರು. 1614ರ ಜುಲೈ 14ರಂದು ಅವರು ತೀರಿಕೊಂಡರು. 1930ರಲ್ಲಿ ಹನ್ನೊಂದನೆಯ ಭಕ್ತಿನಾಥ ಜಗದ್ಗುರುಗಳು ಅವರನ್ನು ದಾದಿಯರ ಪಾಲಕ ಸಂತರೆಂದು ಸಾರಿದರು. ಈ ಕೆಲಸ ಹೆಂಗಸರದು ಮಾತ್ರ ಎನ್ನುವವರು ಗಮನಿಸಬೇಕು. ಆ ಪಾಲಕರು ಆರಡಿಗೂ ಮಿಗಿಲಾದ ಎತ್ತರದ ಮಾಜಿ ಸೈನಿಕ.

ಇನ್ನು ನಮ್ಮ ನಾಡಿಗೆ ಬರೋಣ. 1878ರಲ್ಲಿ ಮಂಗಳೂರಿಗೆ ಬಂದ ಜರ್ಮನಿಯ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಔಷಧ ಕೊಡಲು ತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಭೆಯ ಧರ್ಮಭಗಿನಿಯರು 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ತೆರೆದರು. ಅದರ ಹಿಂದಿನ ವರ್ಷ, 1885ರಲ್ಲಿ, ಭಾರತದ ಸ್ತ್ರೀಯರಿಗೆ ವೈದ್ಯೆಯರನ್ನೂ ದಾದಿಯರನ್ನೂ ಸೂಲಗಿತ್ತಿಯರನ್ನೂ ಒದಗಿಸಲು ಲೇಡಿ ಡಫರಿನ್ ನಿಧಿ ಸ್ಥಾಪನೆಯಾಗಿತ್ತು. ಗಂಡು ವೈದ್ಯರ ಮುಂದೆ ಬರಲು ಒಪ್ಪದ ಹೆಂಗಸರು ಹೆರಿಗೆಯಲ್ಲಿ ಸಾಯುತ್ತಿದ್ದ ಕಾಲ ಅದು.

ಇಲ್ಲಿ ನಾವು ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಆ ಸಾವುಗಳನ್ನು ಕಂಡೂ ನಮ್ಮ ಧರ್ಮಭಗಿನಿಯರು ಹೆರಿಗೆ ಕೋಣೆಗೆ ಕಾಲಿಡುವಂತಿರಲಿಲ್ಲ. ವ್ರತಧಾರಿಗಳಿಗೆ ಆ ಕೆಲಸ ತಕ್ಕುದಲ್ಲ ಎಂಬ ನಿರ್ಬಂಧ ಧರ್ಮಸಭೆಯಲ್ಲೇ ಇತ್ತು. ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಅವರು 1909ರಲ್ಲಿ ರಾವಲ್ಪಿಂಡಿಯಲ್ಲಿ ಸ್ತ್ರೀಯರಿಗಾಗಿ ಆಸ್ಪತ್ರೆ ತೆರೆಸಿ, ಈ ನಿರ್ಬಂಧ ತೆಗೆಯಿರಿ ಎಂದು ರೋಮಿಗೆ ಮೊರೆಯಿಟ್ಟರು. 1913ರಲ್ಲಿ ಅವರು ತೀರಿಕೊಂಡಾಗ ಉತ್ತರ ಬಂದಿರಲಿಲ್ಲ. ಅದೇ ಆಸ್ಪತ್ರೆಯಲ್ಲಿ ದುಡಿದ ಆಸ್ಟ್ರಿಯಾದ ವೈದ್ಯೆ ಅನ್ನಾ ಡೆಂಗೆಲ್ 1925ರಲ್ಲಿ ವೈದ್ಯಕೀಯ ಸೇವೆಗೆಂದೇ ಒಂದು ಭಗಿನಿಯರ ಸಂಘ ಕಟ್ಟಿದರು. ಕೊನೆಗೆ 1936ರ ಫೆಬ್ರವರಿ 11ರಂದು, ಲೂರ್ದುಮಾತೆಯ ಹಬ್ಬದ ದಿನ, ರೋಮ್ ಅನುಮತಿ ಕೊಟ್ಟಿತು. ಹಾಗೆ ಕೊಟ್ಟಾಗ, ಭಗಿನಿಯರು ತಕ್ಕ ಪ್ರಮಾಣಪತ್ರ ಪಡೆದು ಈ ಕೆಲಸಕ್ಕೆ ಇಳಿಯಬೇಕು ಎಂದೂ ಬಯಸಿತು. ಒಳ್ಳೆಯ ಮನಸ್ಸಿಗೆ ಕಲಿಕೆ ಜೊತೆಯಾಗಬೇಕು ಎಂದು ಧರ್ಮಸಭೆಯೇ ಒಪ್ಪಿದ ದಿನ ಅದು.

ಇದೇ ಕಾಲದಲ್ಲಿ ಗುಂಟೂರಿನಲ್ಲಿ ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿ ಇದ್ದರು. 1920ರಲ್ಲಿ ಭಾರತಕ್ಕೆ ಬಂದು ಧರ್ಮಭಗಿನಿಯಾದ ಅವರು ಜಗದ್ಗುರುಗಳ ವಿಶೇಷ ಅನುಮತಿಯಿಂದ ವೈದ್ಯವೃತ್ತಿ ನಡೆಸಿದರು. ತಾವೊಬ್ಬರೇ ಎಷ್ಟು ಜನರನ್ನು ನೋಡಲು ಸಾಧ್ಯ? ಅವರು ಸ್ಥಳೀಯ ಹೆಣ್ಣುಮಕ್ಕಳಿಗೆ ಔಷಧ ಬೆರೆಸುವುದನ್ನು, ಹೆರಿಗೆ ಮಾಡಿಸುವುದನ್ನು, ರೋಗಿಗಳ ಆರೈಕೆಯನ್ನು ಕಲಿಸಿದರು. 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಒಕ್ಕೂಟಕ್ಕೆ ಅಡಿಗಲ್ಲು ಹಾಕಿದರು. 1957ರಲ್ಲಿ ಬೆಂಗಳೂರಿನಲ್ಲಿ ಕಣ್ಮುಚ್ಚಿದರು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿ ವರದಿ ಕೊಟ್ಟಿತು. ಅದರ ಲೆಕ್ಕದಂತೆ ಇಡೀ ದೇಶಕ್ಕೆ ಇದ್ದ ದಾದಿಯರು ಸುಮಾರು 7,000, ಸೂಲಗಿತ್ತಿಯರು ಸುಮಾರು 5,000. ಪೂರ್ಣ ತರಬೇತಿಯ ದಾದಿಯರು ಹಳ್ಳಿಹಳ್ಳಿಗೆ ತಲುಪಲು ತಲೆಮಾರುಗಳೇ ಬೇಕಿದ್ದವು. ಆದ್ದರಿಂದ ಕಡಿಮೆ ಅವಧಿಯ ತರಬೇತಿಯೊಂದನ್ನು ರೂಪಿಸಲಾಯಿತು: ಸಹಾಯಕ ದಾದಿ-ಸೂಲಗಿತ್ತಿ, ನಮ್ಮ ಜನ ಎ.ಎನ್.ಎಂ. ಎನ್ನುವ ಕೋರ್ಸು. 1951ರಲ್ಲಿ ಅದು ಪಂಜಾಬಿನ ತರನ್ ತಾರನ್‌ನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಆರಂಭವಾಯಿತು. ಮುಂದೆ 1973ರ ಕರ್ತಾರ್ ಸಿಂಗ್ ಸಮಿತಿಯ ಸಲಹೆಯಂತೆ ಈ ಸಹಾಯಕಿಯರು ಹಳ್ಳಿಗಳ ಆರೋಗ್ಯ ಕಾರ್ಯಕರ್ತೆಯರಾದರು. ಅವರು ಹೊರಗಿನ ಕೆಲಸಕ್ಕೆ ಹೋದ ಮೇಲೆ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಉಳಿದವರು ಯಾರು? ಮತ್ತೆ ಅದೇ ‘ಆಯಾ’. ಕಲಿಸಿದವರಿಲ್ಲ, ಹೆಸರಿಲ್ಲ, ಕಾಗದವಿಲ್ಲ.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಅಮೆರಿಕದಲ್ಲೂ ವೃದ್ಧರ ಆರೈಕೆ ಕೇಂದ್ರಗಳ ದುಃಸ್ಥಿತಿಯ ಬಗ್ಗೆ 1986ರಲ್ಲಿ ತಜ್ಞರ ವರದಿಯೊಂದು ಬಂದ ಮೇಲೆಯೇ, 1987ರಲ್ಲಿ ಕಾನೂನಾಯಿತು. ಅಂಥ ಕೇಂದ್ರದಲ್ಲಿ ದುಡಿಯುವ ಸಹಾಯಕಿ ಕನಿಷ್ಠ 75 ಗಂಟೆ ಕಲಿಯಬೇಕು, ಅದರಲ್ಲಿ ಕನಿಷ್ಠ 16 ಗಂಟೆ ಮೇಲ್ವಿಚಾರಣೆಯಲ್ಲಿ ಕೈಯಾರೆ ಮಾಡಿ ಕಲಿಯಬೇಕು, ಪರೀಕ್ಷೆ ಪಾಸಾಗಬೇಕು, ರಾಜ್ಯದ ದಾಖಲೆಯಲ್ಲಿ ಆಕೆಯ ಹೆಸರಿರಬೇಕು ಎಂದು ಆ ಕಾನೂನು ಹೇಳಿತು. ಇನ್ನು ನಮ್ಮ ಕರಾವಳಿಯ ಎಷ್ಟೋ ಮಂದಿ ಇಸ್ರೇಲಿನಲ್ಲಿ ವೃದ್ಧರ ಆರೈಕೆ ಮಾಡುತ್ತಿದ್ದಾರೆ. 2023ರ ಅಕ್ಟೋಬರಿನಲ್ಲಿ ಅಲ್ಲಿ ಯುದ್ಧ ಸಿಡಿದಾಗ ಮಂಗಳೂರು, ಉಡುಪಿಯ ಮನೆಗಳಲ್ಲಿ ಫೋನಿನ ಮುಂದೆ ಕುಳಿತ ತಾಯಂದಿರ ಸಂಕಟ ನಮಗೆಲ್ಲ ಗೊತ್ತು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಈಗ ಒಂದು ಹೆಸರಿದೆ: ಜನರಲ್ ಡ್ಯೂಟಿ ಅಸಿಸ್ಟೆಂಟ್. ರಾಷ್ಟ್ರೀಯ ಕೌಶಲ್ಯ ಯೋಜನೆಗಳಡಿ ಅದಕ್ಕೆ ಪಠ್ಯವಿದೆ, ಪರೀಕ್ಷೆಯಿದೆ, ಪ್ರಮಾಣಪತ್ರವಿದೆ. ನಾಡಿ, ಜ್ವರ, ರಕ್ತದೊತ್ತಡ ನೋಡಿ ಬರೆದಿಡುವುದು, ಎಷ್ಟು ನೀರು ಒಳಹೋಯಿತು ಎಷ್ಟು ಮೂತ್ರ ಬಂತು ಎಂದು ಲೆಕ್ಕವಿಡುವುದು, ಅನ್ನ ನೆತ್ತಿಗೇರದಂತೆ ಕೂರಿಸಿ ಉಣ್ಣಿಸುವುದು, ಮರ್ಯಾದೆಗೆ ಕುಂದಾಗದಂತೆ ಮೈ ಒರೆಸುವುದು, ಸೋಂಕು ಹರಡದಂತೆ ಕೈ ತೊಳೆಯುವುದು ಇವೆಲ್ಲ ಆ ಕಲಿಕೆಯ ಭಾಗ. ತಾನು ಏನನ್ನು ಮಾಡಬಾರದು, ಯಾವಾಗ ನರ್ಸನ್ನು ಕರೆಯಬೇಕು ಎಂದು ತಿಳಿಯುವುದೂ ಅಷ್ಟೇ ಮುಖ್ಯ.

ಈ ಕೈಗಳ ಬೆಲೆ ನಮಗೆ ತಿಳಿಯುವುದು ಆಪತ್ತಿನಲ್ಲಿ. 2020ರ ಮಾರ್ಚಿನಲ್ಲಿ ಕೊರೋನಾ ಭಯದಿಂದ ಕೇರಳದ ಗಡಿಗೆ ಮಣ್ಣು ಸುರಿದು ರಸ್ತೆ ಮುಚ್ಚಿದಾಗ ಕರಿಕೆ-ಪಾಣತ್ತೂರು ದಾರಿಯೂ ಮುಚ್ಚಿತು. ಕಾಸರಗೋಡಿನ ರೋಗಿಗಳು ಮಂಗಳೂರು ತಲುಪಲಾಗದೆ ಸತ್ತರು. ವಿಷಯ ನ್ಯಾಯಾಲಯ ಹತ್ತಿತು. ಆಸ್ಪತ್ರೆಗೆ ದಾರಿಯೇ ಇಲ್ಲದ ದಿನ ಮನೆಯೊಳಗಿನ ತಿಳಿದ ಕೈಗಳೇ ಆಸರೆ. ಮರುವರ್ಷ, 2021ರ ಜೂನ್‌ನಲ್ಲಿ, ಕೇಂದ್ರ ಸರ್ಕಾರ ಮನೆ ಆರೈಕೆ ಸೇರಿದಂತೆ ಆರು ಬಗೆಯ ಕೆಲಸಗಳಿಗೆ ಒಂದು ಲಕ್ಷ ಮಂದಿಗೆ ತುರ್ತು ತರಬೇತಿ ಕೊಡಲು ಹೊರಟಿತು. ಒಳ್ಳೆಯದೇ. ಆದರೆ ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವಂತೆ, ಆಪತ್ತು ಕಳೆದ ಮೇಲೆ ಇಂಥವರನ್ನು ಮರೆಯುವುದು ನಮ್ಮ ಹಳೆಯ ರೂಢಿ.

ನಮ್ಮದೂ ಒಂದು ತಪ್ಪಿದೆ, ಅದನ್ನು ಹೇಳಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಹೆಣ್ಣುಮಗಳೊಬ್ಬಳು ‘ನರ್ಸಿಂಗ್ ತರಬೇತಿ’ಗೆ ಸೇರಲು ನಮ್ಮಿಂದ ಶಿಫಾರಸು ಪತ್ರ ಕೇಳಿದಳು. ಆ ಸಂಸ್ಥೆ ಯಾವುದು, ಅದಕ್ಕೆ ಯಾರ ಮಾನ್ಯತೆ ಎಂದು ವಿಚಾರಿಸದೆ ನಾವು ಸಹಿ ಹಾಕಿ ಮೊಹರು ಒತ್ತಿದೆವು. ಎರಡು ವರ್ಷ ಆಕೆ ಸಂಬಳವಿಲ್ಲದೆ ವಾರ್ಡಿನಲ್ಲಿ ದುಡಿದಳು. ಪಾಠ ನಡೆದದ್ದು ಅಪರೂಪ. ಕೊನೆಗೆ ಸಿಕ್ಕ ಪ್ರಮಾಣಪತ್ರವನ್ನು ಬೇರೆ ಯಾವ ಆಸ್ಪತ್ರೆಯೂ ಒಪ್ಪಲಿಲ್ಲ. ಮನೆಯವರು ಮಾರಿದ ಒಡವೆ ಮರಳಿ ಬರಲಿಲ್ಲ. ನಮ್ಮ ಮೊಹರನ್ನು ನಂಬಿ ಆ ಕುಟುಂಬ ಸಾಲ ಮಾಡಿತ್ತು.

ಆದ್ದರಿಂದ ತಂದೆತಾಯಂದಿರೇ, ಮಕ್ಕಳನ್ನು ಸೇರಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಪ್ರಮಾಣಪತ್ರ ಕೊಡುವವರು ಯಾರು, ಅದಕ್ಕೆ ಸರ್ಕಾರದ ಮನ್ನಣೆ ಇದೆಯೇ? ರೋಗಿಗಳ ಬಳಿ ಕಲಿಸುವುದು ಯಾವ ಆಸ್ಪತ್ರೆಯಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ? ಶುಲ್ಕಕ್ಕೆ ರಸೀದಿ ಕೊಡುತ್ತಾರೆಯೇ? ಮುಗಿಸಿದ ಮೇಲೆ ಆಗುವುದು ಸಹಾಯಕಿಯೋ ನರ್ಸೋ? ಈ ಕೊನೆಯ ಪ್ರಶ್ನೆಗೆ ನೇರ ಉತ್ತರ ಕೊಡದ ಕಡೆ ಸೇರಿಸಬೇಡಿ. ಸಹಾಯಕಿಯ ಪ್ರಮಾಣಪತ್ರ ಇದ್ದ ಮಾತ್ರಕ್ಕೆ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಣಿಯಾಗುವುದಿಲ್ಲ. ಎ.ಎನ್.ಎಂ., ಜಿ.ಎನ್.ಎಂ. ಬೇರೆ, ಇದು ಬೇರೆ. ಬೇರೆ ಎಂದರೆ ಕೀಳು ಎಂದಲ್ಲ.

ಗುರುಗಳಾದ ನಮಗೂ ಒಂದು ಕರ್ತವ್ಯವಿದೆ. ವಿಚಾರಿಸದೆ ಸಹಿ ಹಾಕಬಾರದು. ನಮ್ಮ ಸಂಸ್ಥೆಗಳಲ್ಲೇ ದುಡಿಯುವ ಸಹಾಯಕಿಯರಿಗೆ ನ್ಯಾಯವಾದ ಸಂಬಳ, ರಜೆ, ಕಲಿಯುವ ಅವಕಾಶ ಸಿಗುತ್ತಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಸೇವೆ ಎಂಬ ದೊಡ್ಡ ಮಾತಿನ ಮರೆಯಲ್ಲಿ ಕೂಲಿ ಉಳಿಸಿಕೊಳ್ಳುವುದು ಅನ್ಯಾಯ. ಶುಭಸಂದೇಶದ ದಯಾಳು ಸಮಾರಿಯದವನು ಕೂಡ ಗಾಯಾಳುವನ್ನು ನೋಡಿಕೊಳ್ಳಲು ಛತ್ರದವನಿಗೆ ಹಣ ಕೊಟ್ಟೇ ಹೋದನು.

ಅಂದು ಕರಿಕೆಯ ಆ ತಾಯಿಗೆ ನಾವು ಅಜ್ಜಿಯ ಹುಣ್ಣು ತೋರಿಸಿ, ಅದು ಏಕೆ ಆಯಿತು ಎಂದು ನಮಗೆ ತಿಳಿದಷ್ಟು ಹೇಳಿದೆವು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, “ನನಗೆ ಗೊತ್ತಿರ್ಲಿಲ್ಲ ಫಾದರ್,” ಎಂದರು. ತಪ್ಪು ಆಕೆಯದಲ್ಲ. ಮಗಳು ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಈ ಬಾರಿ ನಾವು ವಿಚಾರಿಸಿಯೇ ಪತ್ರ ಬರೆದುಕೊಟ್ಟೆವು.

ಮುಂದಿನ ಸಲ ಹೋದಾಗ ಅಜ್ಜಿಯ ಮೊಣಕಾಲುಗಳ ನಡುವೆ ಮೆತ್ತನೆಯ ದಿಂಬಿತ್ತು. ಗೋಡೆಯ ಮೇಲೆ ನೋಟುಪುಸ್ತಕದ ಹಾಳೆಯೊಂದನ್ನು ಅಂಟಿಸಿದ್ದರು. ಆರು ಗಂಟೆ ಎಡಕ್ಕೆ, ಎಂಟು ಗಂಟೆ ಬಲಕ್ಕೆ, ಹತ್ತು ಗಂಟೆ ಅಂಗಾತ. ರಜೆಗೆ ಬಂದ ಮಗಳು ಬರೆದದ್ದು. ಓದಲು ಬಾರದ ಹೊತ್ತಿಗೂ ಇರಲಿ ಎಂದು ಪಕ್ಕದಲ್ಲಿ ಬಾಣದ ಗುರುತುಗಳನ್ನೂ ಹಾಕಿದ್ದಳು. ಹುಣ್ಣು ಒಣಗುತ್ತಾ ಬಂದಿತ್ತು.

ಸಂತ ಕಮಿಲ್ಲಸರ ಹಬ್ಬದಂದು ನಮ್ಮ ಧರ್ಮಕೇಂದ್ರಗಳಲ್ಲಿ ವೈದ್ಯರಿಗಾಗಿ, ದಾದಿಯರಿಗಾಗಿ ಪ್ರಾರ್ಥಿಸುತ್ತೇವೆ. ಈ ವರ್ಷ ಆ ಸಾಲಿನಲ್ಲಿ ಸಹಾಯಕಿಯರನ್ನೂ ಸಹಾಯಕರನ್ನೂ ನೆನೆಯೋಣ. ಬಲಿಪೂಜೆ ಮುಗಿದ ಮೇಲೆ ಅಂಥವರು ಎದುರು ಸಿಕ್ಕರೆ, ಕೆಲಸ ಹೇಗಿದೆ ಎಂದು ನಿಂತು ಕೇಳೋಣ. ಹಬ್ಬದ ಶುಭಾಶಯಗಳು.